ಎಷ್ಟು ಬಟ್ಟೆ?

ಹೋದ ಸೆಮಿಸ್ಟರಿನ ಒಂದು ಮಧ್ಯಾಹ್ನ. ಊಟದ ನಂತರದ ಮೊದಲ ಕ್ಲಾಸು. ಬೋರ್ಡಿನ ಮೇಲೆ ನಾನು ಪ್ರತಿ ವರ್ಷ ಬರೆಯುವ ಕೋಷ್ಟಕವನ್ನೇ ಬರೆದಿದ್ದೆ. ಎಡಗಡೆ ಇಂಗ್ಲೆಂಡ್, ಅದರ ಕೆಳಗೆ ಪೋರ್ಚುಗಲ್. ಮೇಲ್ಗಡೆ ಬಟ್ಟೆ, ವೈನ್. ಮನೆಗಳಲ್ಲಿ ನಾಲ್ಕು ಸಂಖ್ಯೆ. ಇಂಗ್ಲೆಂಡಿಗೆ 100 ಮತ್ತು 120, ಪೋರ್ಚುಗಲ್ಲಿಗೆ 90 ಮತ್ತು 80. ಅರ್ಥಶಾಸ್ತ್ರ ಓದಿದ ಯಾರಿಗಾದರೂ ಇದು ಗೊತ್ತು. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊನ ತುಲನಾತ್ಮಕ ವೆಚ್ಚ ಸಿದ್ಧಾಂತ. ಎರಡು ಸರಕನ್ನೂ ಕಮ್ಮಿ ದುಡಿಮೆಯಲ್ಲಿ ಮಾಡಬಲ್ಲ ದೇಶಕ್ಕೂ ಒಂದನ್ನು ಮಾಡಿ ಕೊಟ್ಟು ಇನ್ನೊಂದನ್ನು ಹೊರಗಿನಿಂದ ತರುವುದೇ ಲಾಭ ಅನ್ನುವುದು ಅದರ ತಿರುಳು.

"ಇಂಗ್ಲೆಂಡಿನಲ್ಲಿ ಒಂದು ಯೂನಿಟ್ ಬಟ್ಟೆಗೆ 100 ಜನರ ಒಂದು ವರ್ಷದ ದುಡಿಮೆ ಬೇಕು" ಎಂದು ಶುರುಮಾಡಿದೆ.

ಮೂರನೇ ಬೆಂಚಿನ ಹುಡುಗಿ ಎದ್ದು ನಿಂತಳು. ಅವರ ಮನೆಯಲ್ಲಿ ಎರಡು ಪವರ್‌ಲೂಮ್ ಇವೆ.

"ಮೇಡಂ, ಒಂದ್ ಯೂನಿಟ್ ಅಂದ್ರ ಎಷ್ಟ್ ಬಟ್ಟಿ ರೀ? ನೂರ ಮಂದಿ ವರ್ಷ ಪೂರ್ತಿ ನೇಯ್ದ್ರ ಊರಿಗೆಲ್ಲಾ ಸೀರಿ ಆಗ್ತಾವಲ್ರೀ."

ಅದು ಉದಾಹರಣೆಗೆ ಇಟ್ಟುಕೊಂಡ ಲೆಕ್ಕ, ಒಂದು ಯೂನಿಟ್ ಅಂದರೆ ಎಷ್ಟು ಬೇಕಾದರೂ ಅಂದುಕೊಳ್ಳಬಹುದು ಎಂದೆ. ಅವಳು ಕೂತಳು. ಒಪ್ಪಿದ ಮುಖವಲ್ಲ ಅದು. ಬಸ್ಸಿನಲ್ಲಿ ಮನೆಗೆ ಬರುವಾಗ ನನಗೂ ಸಮಾಧಾನ ಇರಲಿಲ್ಲ.

ನಾನು ಹಾಸನದ ಕಡೆಯವಳು. ಬಾಗಲಕೋಟೆ ಜಿಲ್ಲೆಯ ಈ ಸರ್ಕಾರಿ ಪದವಿ ಕಾಲೇಜಿಗೆ ಬಂದು ಆರು ವರ್ಷವಾಯಿತು. ಒಟ್ಟು ಹದಿನಾಲ್ಕು ವರ್ಷದಿಂದ ಅರ್ಥಶಾಸ್ತ್ರ ಕಲಿಸುತ್ತಿದ್ದೇನೆ. ಆ ಹದಿನಾಲ್ಕು ವರ್ಷವೂ ಈ ಕೋಷ್ಟಕ ಬರೆದಿದ್ದೇನೆ. ಆದರೆ ರಿಕಾರ್ಡೊ ಬರೆದ ಪುಟವನ್ನು ನಾನು ಒಮ್ಮೆಯೂ ಓದಿರಲಿಲ್ಲ. ಎಂಎಯಲ್ಲಿ ನಾವು ಓದಿದ್ದು ರಿಕಾರ್ಡೊನ ಬಗ್ಗೆ ಬರೆದ ಪುಸ್ತಕಗಳನ್ನು. ಆ ಪುಸ್ತಕ ಬರೆದವರೂ ಬೇರೆ ಪುಸ್ತಕ ನೋಡಿಯೇ ಬರೆದಿದ್ದರೇನೋ.

ಅವತ್ತು ರಾತ್ರಿ ಮೂಲವನ್ನು ತೆಗೆದೆ. ರಿಕಾರ್ಡೊನ 'ಪ್ರಿನ್ಸಿಪಲ್ಸ್' ಮೊದಲು ಪ್ರಕಟವಾದದ್ದು 1817ರಲ್ಲಿ. ಪಿಯೆರೊ ಸ್ರಾಫಾ ಸಂಪಾದಿಸಿದ ಆವೃತ್ತಿ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಏಳನೇ ಅಧ್ಯಾಯ, ವಿದೇಶಿ ವ್ಯಾಪಾರದ ಬಗ್ಗೆ. ನಾಲ್ಕು ಸಂಖ್ಯೆ ಇರುವುದು ಒಂದೆರಡು ಪ್ಯಾರಾದಲ್ಲಿ ಮಾತ್ರ. ಅಷ್ಟನ್ನು ಕನ್ನಡ ಮಾಡಿ ಮಕ್ಕಳಿಗೆ ಕೊಡೋಣ ಎಂದು ಕೂತೆ. ನಮ್ಮದು ಕನ್ನಡ ಮಾಧ್ಯಮದ ಕ್ಲಾಸು.

ಮೊದಲ ವಾಕ್ಯದಲ್ಲೇ ಪೆನ್ನು ನಿಂತಿತು.

ರಿಕಾರ್ಡೊ 'ಒಂದು ಯೂನಿಟ್' ಎಂದು ಎಲ್ಲೂ ಹೇಳುವುದಿಲ್ಲ. ಈ ಸಂಖ್ಯೆಗಳನ್ನು ಕೊಡುವಾಗ ಸುಮ್ಮನೆ 'ಬಟ್ಟೆ' ಎಂದೂ ಹೇಳುವುದಿಲ್ಲ. ಅವನು ಬರೆದದ್ದು 'ದ ಕ್ಲಾತ್', 'ದ ವೈನ್'. ಇಂಗ್ಲಿಷಿನ ಆ 'ದ' ಅನ್ನುವ ಪುಟ್ಟ ಪದಕ್ಕೆ ಕನ್ನಡದಲ್ಲಿ ಜೊತೆ ಇಲ್ಲ. ನಾವು ಅದನ್ನು ನುಂಗಿಬಿಡುತ್ತೇವೆ. 'ಬಟ್ಟೆ ಮಾಡಲು 100 ಜನ ಬೇಕು' ಎಂದು ಬರೆದರೆ ಕನ್ನಡ ಸರಿಯಾಗಿಯೇ ಇದೆ. ಆದರೆ ಯಾವ ಬಟ್ಟೆ, ಎಷ್ಟು ಬಟ್ಟೆ ಅನ್ನುವುದು ಹೋಯಿತು. ಅದನ್ನು ಉಳಿಸಬೇಕಾದರೆ 'ಆ ಬಟ್ಟೆ' ಎಂದು ಬರೆಯಬೇಕು. 'ಆ' ಅಂದ ಕೂಡಲೇ ಓದುವವರು ಕೇಳುತ್ತಾರೆ: ಯಾವುದು? ಆಗ ಹಿಂದಿನ ವಾಕ್ಯಕ್ಕೆ ಹೋಗಬೇಕು.

ಹಿಂದಿನ ವಾಕ್ಯದಲ್ಲಿ ಉತ್ತರ ಇದೆ. ಇಂಗ್ಲೆಂಡಿನ ಬಟ್ಟೆಗೆ ಬದಲಾಗಿ ಪೋರ್ಚುಗಲ್ ಎಷ್ಟು ವೈನ್ ಕೊಡುತ್ತದೆ ಅನ್ನುವುದು ಎರಡರ ಮೇಲೂ ಬಿದ್ದ ದುಡಿಮೆಯ ಲೆಕ್ಕದಿಂದ ತೀರ್ಮಾನವಾಗುವುದಿಲ್ಲ. ಎರಡೂ ಇಂಗ್ಲೆಂಡಿನಲ್ಲೇ ಅಥವಾ ಎರಡೂ ಪೋರ್ಚುಗಲ್ಲಿನಲ್ಲೇ ತಯಾರಾಗಿದ್ದರೆ ಹಾಗೆ ತೀರ್ಮಾನವಾಗುತ್ತಿತ್ತು ಎನ್ನುತ್ತಾನೆ. ಅದರ ಬೆನ್ನಿಗೇ ನಮ್ಮ ಸಂಖ್ಯೆಗಳು ಬರುತ್ತವೆ. ನಾನು ಹೀಗೆ ಕನ್ನಡ ಮಾಡಿದೆ:

"ಇಂಗ್ಲೆಂಡಿನ ಪರಿಸ್ಥಿತಿ ಹೀಗಿರಬಹುದು: ಆ ಬಟ್ಟೆಯನ್ನು ತಯಾರಿಸಲು ಒಂದು ವರ್ಷ 100 ಜನರ ದುಡಿಮೆ ಬೇಕು, ಆ ವೈನನ್ನು ತಾನೇ ಮಾಡಹೊರಟರೆ ಅಷ್ಟೇ ಕಾಲ 120 ಜನರ ದುಡಿಮೆ ಬೇಕು."

ಆ ಬಟ್ಟೆ ಅಂದರೆ ಹಡಗು ಹತ್ತಿ ಪೋರ್ಚುಗಲ್ಲಿಗೆ ಹೋಗುವ ಬಟ್ಟೆ. ಆ ವೈನ್ ಅಂದರೆ ಅದಕ್ಕೆ ಬದಲಾಗಿ ಬರುವ ವೈನ್. ಒಂದು ಮೀಟರ್ ಅಲ್ಲ, ಒಂದು ಪೀಪಾಯಿ ಅಲ್ಲ. ಕೊಟ್ಟು ತೆಗೆದುಕೊಂಡ ಇಡೀ ಸರಕು.

ಹೀಗೆ ಓದಿದರೆ ಲೆಕ್ಕ ಎಷ್ಟು ಸುಲಭವಾಗುತ್ತದೆ ನೋಡಿ. ಇಂಗ್ಲೆಂಡ್ ಆ ವೈನನ್ನು ತಾನೇ ಮಾಡಿದ್ದರೆ 120 ಜನ ಬೇಕಿತ್ತು. ಬದಲಿಗೆ 100 ಜನರಿಂದ ಬಟ್ಟೆ ಮಾಡಿಸಿ ಕಳಿಸಿತು, ವೈನ್ ಬಂತು. 20 ಜನರ ದುಡಿಮೆ ಉಳಿಯಿತು. ಪೋರ್ಚುಗಲ್ ಆ ಬಟ್ಟೆಯನ್ನು ತಾನೇ ನೇಯ್ದಿದ್ದರೆ 90 ಜನ ಬೇಕಿತ್ತು. 80 ಜನರಿಂದ ವೈನ್ ಮಾಡಿಸಿ ಕಳಿಸಿತು, ಬಟ್ಟೆ ಬಂತು. 10 ಜನರ ದುಡಿಮೆ ಉಳಿಯಿತು. ಅಷ್ಟೇ. ಮೂರನೇ ಕ್ಲಾಸಿನ ಕಳೆಯುವ ಲೆಕ್ಕ. ಇಂಗ್ಲೆಂಡಿಗಿಂತ ಕಮ್ಮಿ ಜನರಿಂದ ಬಟ್ಟೆ ನೇಯಬಲ್ಲ ಪೋರ್ಚುಗಲ್ ಕೂಡ ಇಂಗ್ಲೆಂಡಿನ ಬಟ್ಟೆ ಕೊಳ್ಳುವುದು ಯಾಕೆ ಲಾಭ ಅನ್ನುವುದು ಕಣ್ಣಿಗೆ ಕಾಣುತ್ತದೆ.

ನಾನು ಕಲಿಸುತ್ತಿದ್ದ ದಾರಿ ಬೇರೆ. ಅದರಲ್ಲಿ ನಾಲ್ಕೂ ಸಂಖ್ಯೆ ಒಂದೊಂದು ಯೂನಿಟ್ಟಿನ ವೆಚ್ಚ. ಅದರಿಂದ ಅನುಪಾತ ತೆಗೆಯಬೇಕು. ಇಂಗ್ಲೆಂಡಿನ ಒಳಗೆ ಒಂದು ಯೂನಿಟ್ ಬಟ್ಟೆಗೆ 5/6 ಯೂನಿಟ್ ವೈನ್. ಪೋರ್ಚುಗಲ್ಲಿನ ಒಳಗೆ ಒಂದು ಯೂನಿಟ್ ಬಟ್ಟೆಗೆ 9/8 ಯೂನಿಟ್ ವೈನ್. ಇವೆರಡರ ನಡುವೆ ಎಲ್ಲೋ ಒಂದು ಕಡೆ ವ್ಯಾಪಾರ ಕುದುರುತ್ತದೆ. ಎಲ್ಲಿ ಎಂದು ರಿಕಾರ್ಡೊ ಹೇಳಲಿಲ್ಲ, ಅವನಿಗೆ ಬೇಡಿಕೆಯ ಕಡೆ ಗಮನ ಇರಲಿಲ್ಲ, ಆಮೇಲೆ ಅರ್ಥಶಾಸ್ತ್ರಜ್ಞ ಜಾನ್ ಸ್ಟುವರ್ಟ್ ಮಿಲ್ ಬಂದು ಆ ಕೊರತೆ ತುಂಬಿದ. ಇದು ನಮ್ಮ ನೋಟ್ಸು. 'ರಿಕಾರ್ಡೊನ ಸಿದ್ಧಾಂತದ ಟೀಕೆಗಳು' ಎಂಬ ತಲೆಬರಹದ ಕೆಳಗೆ ಇದನ್ನೂ ಒಂದು ಅಂಕಿ ಹಾಕಿ ಬರೆಸುತ್ತಿದ್ದೆ. ಮಕ್ಕಳು ಉರು ಹೊಡೆದು ಬರೆಯುತ್ತಿದ್ದರು. ನಾನು ಮಾರ್ಕ್ಸು ಕೊಡುತ್ತಿದ್ದೆ.

ನನ್ನನ್ನು ಕಾಡಿದ್ದು ಇದೇ. ರಿಕಾರ್ಡೊನ ಸಂಖ್ಯೆಗಳಿಗೆ ನಾವೇ ಬೇರೆ ಅರ್ಥ ಕೊಟ್ಟೆವು. ಆ ಅರ್ಥದಲ್ಲಿ ಒಂದು ಕೊರತೆ ಹುಟ್ಟಿತು. ಆಮೇಲೆ ಆ ಕೊರತೆ ಅವನದು ಎಂದೆವು. ಇನ್ನೂರು ವರ್ಷದ ಹಿಂದೆ ಸತ್ತವನು ಎದ್ದು ಬಂದು ಇಲ್ಲ ಎನ್ನುವ ಹಾಗಿಲ್ಲ. ಅವನ ಪರವಾಗಿ ಇರುವುದು ಅವನ ಪುಟ ಒಂದೇ.

ಇದನ್ನು ಮೊದಲು ಕಂಡವಳು ನಾನಲ್ಲ ಎಂದು ಮುಂದಿನ ಕೆಲವು ರಾತ್ರಿಗಳಲ್ಲಿ ತಿಳಿಯಿತು. ರಿಕಾರ್ಡೊನ ತಪ್ಪನ್ನು ಆಮೇಲಿನವರು ತಿದ್ದಿದರು ಎಂಬ ಮಾತು ಬಂದಾಗ ಸ್ರಾಫಾ 1930ರಲ್ಲೇ ಒಂದು ಚಿಕ್ಕ ಟಿಪ್ಪಣಿ ಬರೆದಿದ್ದ. ಹೆಸರು 'ಆ್ಯನ್ ಅಲೆಜ್ಡ್ ಕರೆಕ್ಷನ್ ಆಫ್ ರಿಕಾರ್ಡೊ'. ತಿದ್ದುವಂಥ ತಪ್ಪು ರಿಕಾರ್ಡೊನಲ್ಲಿ ಇರಲಿಲ್ಲ ಅನ್ನುವುದು ಅವನ ವಾದ. ಆದರೂ ಪಠ್ಯಪುಸ್ತಕಗಳು ಅಲುಗಾಡಲಿಲ್ಲ. 1969ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಪಾಲ್ ಸ್ಯಾಮ್ಯುಯೆಲ್ಸನ್ ಈ ನಾಲ್ಕು ಸಂಖ್ಯೆಗಳಿಗೆ 'ನಾಲ್ಕು ಮಾಂತ್ರಿಕ ಸಂಖ್ಯೆಗಳು' ಎಂದು ಹೆಸರಿಟ್ಟ. ಹೆಸರು ನಿಂತಿತು, ಓದು ಬದಲಾಗಲಿಲ್ಲ. 2002ರಲ್ಲಿ ರಾಯ್ ರಫಿನ್, 2004ರಲ್ಲಿ ಆಂಡ್ರಿಯಾ ಮನೆಸ್ಕಿ ಮತ್ತೆ ಬರೆದರು: ಇವು ಒಂದು ಯೂನಿಟ್ಟಿನ ವೆಚ್ಚಗಳಲ್ಲ, ವಿನಿಮಯವಾದ ಮೊತ್ತದ ಮೇಲೆ ಬಿದ್ದ ದುಡಿಮೆ. ಸ್ರಾಫಾನ ಟಿಪ್ಪಣಿಯಿಂದ ಇಲ್ಲಿಗೆ 70 ವರ್ಷ ದಾಟಿತ್ತು.

ಸ್ರಾಫಾನ ಬಗ್ಗೆ ಸ್ವಲ್ಪ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಇಟಲಿಯವನು. ಜೈಲಿನಲ್ಲಿದ್ದ ಗೆಳೆಯ, ಮಾರ್ಕ್ಸ್‌ವಾದಿ ಚಿಂತಕ ಗ್ರಾಮ್ಶಿಗೆ ಪುಸ್ತಕ ತಲುಪಲು ವ್ಯವಸ್ಥೆ ಮಾಡಿದವನು. ಕೇಂಬ್ರಿಡ್ಜಿಗೆ ಬಂದು 1930ರಲ್ಲಿ ರಿಕಾರ್ಡೊನ ಎಲ್ಲ ಬರಹ, ಪತ್ರಗಳನ್ನು ಸಂಪಾದಿಸುವ ಕೆಲಸ ಕೈಗೆತ್ತಿಕೊಂಡ. ಮೊದಲ ಸಂಪುಟ ಬಂದದ್ದು 1951ರಲ್ಲಿ, ಕೊನೆಯ ಸೂಚಿ 1973ರಲ್ಲಿ. ಒಟ್ಟು 43 ವರ್ಷ. ನಡುವೆ 1943ರಲ್ಲಿ ಡಬ್ಲಿನ್ ಹತ್ತಿರದ ರಹೇನಿ ಎಂಬಲ್ಲಿ ಒಂದು ಮನೆಯಲ್ಲಿ ರಿಕಾರ್ಡೊ ತನ್ನ ಗೆಳೆಯ, ಜಾನ್ ಸ್ಟುವರ್ಟ್ ಮಿಲ್‌ನ ತಂದೆ ಜೇಮ್ಸ್ ಮಿಲ್‌ಗೆ ಬರೆದ ಪತ್ರಗಳ ಕಟ್ಟು ಸಿಕ್ಕಿತು. 1823ರಲ್ಲಿ, ಸಾಯುವ ಮುಂಚೆ, ಮೌಲ್ಯದ ಬಗ್ಗೆ ಅವನು ಬರೆಯುತ್ತಿದ್ದ ಕೊನೆಯ ಬರಹವೂ ಅದರ ಜೊತೆ ಇತ್ತು. ಇಷ್ಟು ತಾಳ್ಮೆಯಿಂದ ಕೆಲಸ ಮಾಡಿದವನಿಗೆ ಒಂದು 'ದ' ಕಾಣಿಸಿದ್ದರಲ್ಲಿ ಆಶ್ಚರ್ಯ ಇಲ್ಲ.

ಹಳೆಯ ಅರ್ಥಶಾಸ್ತ್ರಜ್ಞರನ್ನು ಹೇಗೆ ಓದಬೇಕು ಅನ್ನುವುದರ ಬಗ್ಗೆಯೇ ದೊಡ್ಡ ಚರ್ಚೆ ಇದೆ. ಅರ್ಥಶಾಸ್ತ್ರದ ಇತಿಹಾಸಕಾರ ಮಾರ್ಕ್ ಬ್ಲಾಗ್ ಎರಡು ಬಗೆಯ ಓದನ್ನು ಬೇರೆ ಮಾಡಿ ಹೇಳಿದ. ಮೂಲದಲ್ಲಿ ಅದು ತತ್ವಶಾಸ್ತ್ರಜ್ಞ ರಿಚರ್ಡ್ ರಾರ್ಟಿ ಮಾಡಿದ ವಿಂಗಡಣೆ. ಒಂದು, ಆ ಲೇಖಕ ತನ್ನ ಕಾಲದಲ್ಲಿ, ತನ್ನ ಪ್ರಶ್ನೆಗೆ, ತನ್ನ ಮಾತಿನಲ್ಲಿ ಏನು ಹೇಳಿದ ಎಂದು ಕಟ್ಟಿಕೊಡುವುದು. ಇನ್ನೊಂದು, ಇವತ್ತಿನ ಸಿದ್ಧಾಂತದ ಭಾಷೆಗೆ ಅವನ ಮಾತನ್ನು ತಂದು, ಅದು ಎಲ್ಲಿ ಗಟ್ಟಿ, ಎಲ್ಲಿ ಸಡಿಲ ಎಂದು ನೋಡುವುದು. ಸ್ಯಾಮ್ಯುಯೆಲ್ಸನ್ ಎರಡನೆಯದರ ಪರ. 1987ರ ಒಂದು ಲೇಖನದಲ್ಲಿ ಮುಚ್ಚುಮರೆ ಇಲ್ಲದೆ ಹೇಳಿದ: ಇವತ್ತಿನ ವಿಜ್ಞಾನದ ಕಣ್ಣಿನಿಂದಲೇ ಹಿಂದಿನದನ್ನು ನೋಡೋಣ. ಅದಕ್ಕೂ ಮುಂಚೆ, 1969ರಲ್ಲಿ, ರಾಜಕೀಯ ಚಿಂತನೆಯ ಇತಿಹಾಸಕಾರ ಕ್ವೆಂಟಿನ್ ಸ್ಕಿನ್ನರ್ ಇಂಥ ಓದಿನ ಅಪಾಯವನ್ನು ಹೇಳಿದ್ದ. ಲೇಖಕನಿಗೆ ಇಲ್ಲದ ಉದ್ದೇಶವನ್ನು ಅವನ ಮೇಲೆ ಹೊರಿಸುತ್ತೇವೆ, ಆಮೇಲೆ ಅದನ್ನು ಈಡೇರಿಸಲಿಲ್ಲ ಎಂದು ಬೈಯುತ್ತೇವೆ ಎಂಬರ್ಥದ ಮಾತು.

ನನ್ನ ಹದಿನಾಲ್ಕು ವರ್ಷದ ಬೋರ್ಡು ಸ್ಕಿನ್ನರ್ ಹೇಳಿದ್ದಕ್ಕೆ ಸರಿಯಾದ ಉದಾಹರಣೆ.

ಎರಡನೇ ಬಗೆಯ ಓದು ಬೇಡವೇ ಬೇಡ ಎಂದು ನಾನು ಹೇಳಲಾರೆ. ಯೂನಿಟ್ ವೆಚ್ಚದ ಕೋಷ್ಟಕ ತನ್ನಷ್ಟಕ್ಕೆ ಒಳ್ಳೆಯ ಸಿದ್ಧಾಂತ. ಅವಕಾಶ ವೆಚ್ಚ, ಅಂದರೆ ಒಂದನ್ನು ಮಾಡಲು ಇನ್ನೊಂದನ್ನು ಎಷ್ಟು ಬಿಟ್ಟುಕೊಡಬೇಕು ಎಂದು ಅದರಿಂದ ಚೆನ್ನಾಗಿ ಹೇಳಿಕೊಡಬಹುದು. ಆಮೇಲೆ ಬಂದ ಬುದ್ಧಿವಂತರು ಕಟ್ಟಿದ್ದು ಅದು. ಅವರ ಹೆಸರಿನಲ್ಲೇ ಕಲಿಸೋಣ. ಅದನ್ನು ರಿಕಾರ್ಡೊ ಹೇಳಿದ ಎಂದು ಕಲಿಸುವುದರಲ್ಲಿ ನನಗೆ ತಕರಾರು. ಯಾಕೆಂದರೆ ಹಾಗೆ ಮಾಡಿದಾಗ ಅವನು ನಿಜವಾಗಿ ಕೇಳುತ್ತಿದ್ದ ಪ್ರಶ್ನೆ ಮಾಯವಾಗುತ್ತದೆ.

ಅವನ ಪ್ರಶ್ನೆ ಏನಿತ್ತು? ಏಳನೇ ಅಧ್ಯಾಯದ ಮೊದಲ ವಾಕ್ಯದಲ್ಲೇ ಇದೆ. ವಿದೇಶಿ ವ್ಯಾಪಾರ ಎಷ್ಟೇ ಹೆಚ್ಚಿದರೂ ದೇಶದ ಒಟ್ಟು ಮೌಲ್ಯ ಕೂಡಲೇ ಹೆಚ್ಚುವುದಿಲ್ಲ, ಸರಕಿನ ರಾಶಿ ಮಾತ್ರ ಹೆಚ್ಚುತ್ತದೆ ಎನ್ನುತ್ತಾನೆ. ಅಲ್ಲಿಂದ ಲಾಭದ ದರಕ್ಕೆ ಹೋಗುತ್ತಾನೆ. ಕೂಲಿಯವರು ತಿನ್ನುವ, ಉಡುವ ವಸ್ತು ಅಗ್ಗವಾದರೆ ಮಾತ್ರ ಲಾಭದ ದರ ಏರುತ್ತದೆ, ಸಾಹುಕಾರರ ವೈನ್ ಅಗ್ಗವಾದರೆ ಏರುವುದಿಲ್ಲ. 1815ರ ಧಾನ್ಯ ಕಾಯ್ದೆ ಹೊರಗಿನ ಗೋಧಿಯನ್ನು ತಡೆದಿದ್ದ ಕಾಲ ಅದು. ಅವನ ಮನಸ್ಸು ಇದ್ದದ್ದು ರೊಟ್ಟಿಯ ಬೆಲೆಯ ಮೇಲೆ. ಬಟ್ಟೆ ಮತ್ತು ವೈನ್ ಅವನಿಗೆ ಬೇಕಾದದ್ದು ಬೇರೆ ಕಾರಣಕ್ಕೆ. ಸರಕಿನ ಬೆಲೆ ಅದರ ಮೇಲೆ ಬಿದ್ದ ದುಡಿಮೆಯಿಂದ ತೀರ್ಮಾನವಾಗುತ್ತದೆ ಎಂಬ ತನ್ನ ನಿಯಮ ದೇಶದ ಗಡಿ ದಾಟಿದ ಮೇಲೆ ಯಾಕೆ ನಡೆಯುವುದಿಲ್ಲ ಎಂದು ತೋರಿಸಲು.

ಅದಕ್ಕೆ ಅವನು ಕೊಡುವ ಕಾರಣ ಬಂಡವಾಳ. ಯಾರ್ಕ್‌ಷೈರಿನಲ್ಲಿ ಲಾಭ ಜಾಸ್ತಿ ಆದರೆ ಲಂಡನ್ನಿನ ದುಡ್ಡು ಅಲ್ಲಿಗೆ ಓಡುತ್ತದೆ. ಪೋರ್ಚುಗಲ್ಲಿಗೆ ಅಷ್ಟು ಸುಲಭವಾಗಿ ಓಡುವುದಿಲ್ಲ. ದುಡ್ಡಿದ್ದವರು ತಮ್ಮ ದೇಶದಲ್ಲೇ ಕಮ್ಮಿ ಲಾಭಕ್ಕೆ ತೃಪ್ತರಾಗುತ್ತಾರೆ, ಈ ಭಾವನೆ ಸಡಿಲವಾದರೆ ತನಗೆ ಬೇಸರವಾಗುತ್ತದೆ ಎಂದೂ ಸೇರಿಸುತ್ತಾನೆ. ಷೇರು ಪೇಟೆಯಲ್ಲಿ ದುಡ್ಡು ಮಾಡಿದ ಮನುಷ್ಯನ ಮಾತು ಇದು! (ಆಡಂ ಸ್ಮಿತ್‌ನ 'ಕಾಣದ ಕೈ', ಅಂದರೆ ತಂತಮ್ಮ ಲಾಭ ನೋಡಿಕೊಳ್ಳುವವರಿಂದಲೇ ಎಲ್ಲರಿಗೂ ಒಳ್ಳೆಯದಾಗುತ್ತದೆ ಎಂಬ ಮಾತು ಕೂಡ 'ವೆಲ್ತ್ ಆಫ್ ನೇಷನ್ಸ್'ನಲ್ಲಿ ಬರುವುದು ಒಂದೇ ಒಂದು ಸಲ. ಅದೂ ವ್ಯಾಪಾರಿ ಹೊರದೇಶಕ್ಕಿಂತ ಸ್ವಂತ ದೇಶದ ಉದ್ಯಮಕ್ಕೆ ಬಂಡವಾಳ ಹಾಕಲು ಇಷ್ಟಪಡುವ ಸಂದರ್ಭದಲ್ಲಿ. ಅದನ್ನೂ ನಾನು ಬೇರೆ ಥರವೇ ಕಲಿಸುತ್ತಿದ್ದೆ.)

ಇಷ್ಟೆಲ್ಲ ಆದಮೇಲೆ ಸ್ರಾಫಾ ಹೇಳಿದ್ದೆಲ್ಲ ಸರಿ ಎಂದು ಒಪ್ಪಿಬಿಡಲು ಮನಸ್ಸು ಹಾತೊರೆಯಿತು. ಆದರೆ ಅವನದೇ ಇನ್ನೊಂದು ಓದು ನನ್ನನ್ನು ತಡೆಯಿತು. 1951ರ ಮೊದಲ ಸಂಪುಟದ ಮುನ್ನುಡಿಯಲ್ಲಿ ಅವನು ಹೇಳುವುದು: ರಿಕಾರ್ಡೊ 1815ರ ಹೊತ್ತಿಗೆ, ಬೇಸಾಯದ ಲಾಭವೇ ಉಳಿದೆಲ್ಲ ಲಾಭವನ್ನು ನಿಶ್ಚಯಿಸುತ್ತದೆ ಎಂದು ನಂಬಿದ್ದ. ಯಾಕೆಂದರೆ ಬೇಸಾಯದಲ್ಲಿ ಹಾಕುವುದೂ ಧಾನ್ಯ, ಬರುವುದೂ ಧಾನ್ಯ. ಬೀಜ ಧಾನ್ಯ, ಕೂಲಿಯವರ ಊಟ ಧಾನ್ಯ, ಬೆಳೆ ಧಾನ್ಯ. ಬೆಲೆಯ ಗೊಡವೆ ಇಲ್ಲದೆ ಲಾಭದ ದರ ತೆಗೆಯಬಹುದು. ಬಹಳ ಚೆಂದದ ವಿಚಾರ. ಆದರೆ ರಿಕಾರ್ಡೊನ ಉಳಿದಿರುವ ಯಾವ ಬರಹದಲ್ಲೂ ಇದು ನೇರವಾಗಿ ಇಲ್ಲ. ಸ್ರಾಫಾನೇ ಅದನ್ನು ಒಪ್ಪಿಕೊಂಡು ಬರೆಯುತ್ತಾನೆ. ಅವನ ಒಂದು ಮುಖ್ಯ ಆಧಾರ 1814ರ ಆಗಸ್ಟ್ 5ರಂದು ಅರ್ಥಶಾಸ್ತ್ರಜ್ಞ ಗೆಳೆಯ ಮಾಲ್ಥಸ್ ರಿಕಾರ್ಡೊನಿಗೆ ಬರೆದ ಪತ್ರ. ಹಾಕಿದ ಬಂಡವಾಳವೂ ಬಂದ ಉತ್ಪನ್ನವೂ ಸರಿಯಾಗಿ ಒಂದೇ ಜಾತಿಯದಾಗಿರುವುದು ಯಾವ ಉತ್ಪಾದನೆಯಲ್ಲೂ ಇಲ್ಲ ಎಂದು ಮಾಲ್ಥಸ್ ಅದರಲ್ಲಿ ಆಕ್ಷೇಪಿಸುತ್ತಾನೆ. ಹಾಗಾದರೆ ರಿಕಾರ್ಡೊ ಅಂಥದ್ದೇನೋ ಹೇಳಿರಬೇಕು, ಅಲ್ವಾ?

ಬಸ್ಸಿನಲ್ಲಿ ಪಕ್ಕದವರು ಫೋನಿನಲ್ಲಿ ಮಾತಾಡುವುದನ್ನು ಕೇಳಿದ ಹಾಗೆ ಇದು. "ಇಲ್ಲ, ಅಷ್ಟಕ್ಕೆ ಕೊಡಲ್ಲ" ಎಂದರೆ ಆ ಕಡೆಯವರು ಏನೋ ಬೆಲೆ ಕೇಳಿದ್ದಾರೆ ಎಂದು ಗೊತ್ತಾಗುತ್ತದೆ. ಎಷ್ಟು ಕೇಳಿದರು ಎಂದು ಗೊತ್ತಾಗುವುದಿಲ್ಲ. ಸ್ಯಾಮ್ಯುಯೆಲ್ ಹಾಲಾಂಡರ್ 1970ರ ದಶಕದಲ್ಲಿ ಈ ಓದನ್ನು ಬಲವಾಗಿ ಪ್ರಶ್ನಿಸಿದ. ಆ ಜಗಳ ದಶಕಗಳವರೆಗೆ ನಡೆಯಿತು. ನನ್ನ ಮಟ್ಟಿಗೆ ಸ್ರಾಫಾನ ಊಹೆ ನಿಜ ಇರಬಹುದು ಅನ್ನಿಸುತ್ತದೆ. ಆದರೆ ಬಟ್ಟೆ ಮತ್ತು ವೈನಿನ ವಿಷಯದಲ್ಲಿ ಪುಟವೇ ಮಾತಾಡುತ್ತದೆ. ಧಾನ್ಯದ ವಿಷಯದಲ್ಲಿ ಸ್ರಾಫಾ ಮಾತಾಡುತ್ತಾನೆ. ಇದು ಊಹೆ ಎಂದು ಅವನು ಬಚ್ಚಿಡದೆ ಹೇಳಿದ್ದಕ್ಕೇ ಹಾಲಾಂಡರ್ ಅದನ್ನು ಹಿಡಿದು ಪರೀಕ್ಷಿಸಲು ಆಯಿತು. ನಮ್ಮ ನೋಟ್ಸಿನಲ್ಲಿ 'ಒಂದು ಯೂನಿಟ್' ಊಹೆ ಎಂದು ಯಾರೂ ಬರೆದಿರಲಿಲ್ಲ.

ಮುಂದಿನ ವಾರ ಹಳೆಯ ಕೋಷ್ಟಕ ಬರೆಯಲಿಲ್ಲ. ನನ್ನ ಕನ್ನಡದ ವಾಕ್ಯಗಳನ್ನು ಬೋರ್ಡಿನ ಮೇಲೆ ಬರೆದು 'ಆ' ಅನ್ನುವ ಅಕ್ಷರಕ್ಕೆಲ್ಲ ಬಣ್ಣದ ಚಾಕಿನಲ್ಲಿ ಸುತ್ತು ಹಾಕಿದೆ. ಹಿಂದಿನ ವಾರ ಹೇಳಿದ್ದು ಸರಿ ಇರಲಿಲ್ಲ ಎಂದೆ. ಪವರ್‌ಲೂಮ್ ಮನೆಯ ಹುಡುಗಿ ಎರಡು ಸಲ ಓದಿಕೊಂಡಳು.

"ಅಂದ್ರ ಬಟ್ಟಿ ಎಷ್ಟರ ಇರ್ಲಿ ರೀ, ಕೊಟ್ಟದ್ದು ಇಸ್ಕೊಂಡದ್ದು ಅಷ್ಟ. ಲೆಕ್ಕ ಮಂದಿ ಎಷ್ಟ್ ಉಳದ್ರು ಅನ್ನೋದರದ್ದು."

ಹೌದು ಎಂದೆ. ನಾನು ಹದಿನಾಲ್ಕು ವರ್ಷ ಹೇಳಿದ್ದಕ್ಕಿಂತ ಅವಳು ಚೆನ್ನಾಗಿ ಹೇಳಿದ್ದಳು.

ಪರೀಕ್ಷೆಯ ಬಗ್ಗೆ ಕೇಳಿದರು. ಕೇಳಲೇಬೇಕಲ್ಲ. ಪ್ರಶ್ನೆಪತ್ರಿಕೆಯಲ್ಲಿ ಕೋಷ್ಟಕ ಕೇಳಿದರೆ ಕೋಷ್ಟಕ ಬರೆಯಿರಿ, ಕೆಳಗೆ ಒಂದು ಸಾಲು ಸೇರಿಸಿ: ಇದು ಆಮೇಲಿನವರು ಕೊಟ್ಟ ರೂಪ, ರಿಕಾರ್ಡೊನ ಪುಟದಲ್ಲಿ ಹೀಗೆ ಇದೆ ಎಂದು. ಮಾರ್ಕ್ಸು ಹೋಗುವುದಿಲ್ಲ.

ಆಮೇಲೆ ಪ್ಯಾರಾದ ಕೊನೆಯ ಭಾಗ ಓದಿಸಿದೆ. ನಮ್ಮ ಯಾವ ಪಠ್ಯಪುಸ್ತಕದಲ್ಲೂ ನಾನು ಅದನ್ನು ನೋಡಿಲ್ಲ. ರಿಕಾರ್ಡೊ ಹೇಳುತ್ತಾನೆ: 100 ಇಂಗ್ಲಿಷರ ದುಡಿಮೆಯನ್ನು 80 ಇಂಗ್ಲಿಷರ ದುಡಿಮೆಗೆ ಕೊಡಲು ಆಗುವುದಿಲ್ಲ. ಆದರೆ 100 ಇಂಗ್ಲಿಷರ ದುಡಿಮೆಯ ಫಲವನ್ನು 80 ಪೋರ್ಚುಗೀಸರ, 60 ರಷ್ಯನ್ನರ, ಅಥವಾ 120 'ಈಸ್ಟ್ ಇಂಡಿಯನ್'ರ ದುಡಿಮೆಯ ಫಲಕ್ಕೆ ಕೊಡಬಹುದು.

ಈಸ್ಟ್ ಇಂಡಿಯನ್ ಅಂದರೆ ನಮ್ಮ ಕಡೆಯವರೇ ಎಂದೆ. ಕ್ಲಾಸು ಒಮ್ಮೆಲೇ ಎದ್ದು ಕೂತಿತು. ಹಿಂದಿನ ಬೆಂಚಿನ ಒಬ್ಬ ಹುಡುಗ, ಸಾಮಾನ್ಯವಾಗಿ ಬಾಯಿ ತೆರೆಯದವನು, ಕೇಳಿದ:

"ಮೇಡಂ, ಪೋರ್ಚುಗಲ್‌ನವರಿಗೆ ಹತ್ತು ಮಂದಿ ಉಳೀತು. ಈ ನೂರಾಇಪ್ಪತ್ತು ಮಂದಿಗೆ ಎಷ್ಟ್ ಉಳೀತು ರೀ?"

ಕಳೆಯಲು ಇನ್ನೊಂದು ಸಂಖ್ಯೆ ಬೇಕು. ಇಂಗ್ಲೆಂಡಿನಿಂದ ಬಂದ ಸರಕನ್ನು ನಮ್ಮವರೇ ಮಾಡಿದ್ದರೆ ಎಷ್ಟು ಜನ ಬೇಕಿತ್ತು ಅನ್ನುವ ಸಂಖ್ಯೆ. ಪೋರ್ಚುಗಲ್ಲಿಗೆ ರಿಕಾರ್ಡೊ ಅದನ್ನು ಕೊಟ್ಟಿದ್ದಾನೆ, 90 ಎಂದು. ನಮಗೆ ಕೊಟ್ಟಿಲ್ಲ. ಒಂದು ಸಂಖ್ಯೆಯನ್ನು ನಾವೇ ಇಟ್ಟುಕೊಂಡು ಲೆಕ್ಕ ಮುಗಿಸೋಣವೇ ಎಂದು ಮುಂದಿನ ಬೆಂಚಿನಿಂದ ಒಬ್ಬರು ಕೇಳಿದರು. ಬೇಡ ಎಂದೆ. ಈ ಪುಟದಲ್ಲಿ ಅದಿಲ್ಲ. ಅದನ್ನು ತಿಳಿಯಬೇಕಾದರೆ ರಿಕಾರ್ಡೊನನ್ನು ಮುಚ್ಚಿಟ್ಟು ಆ ಕಾಲದ ನೇಕಾರರ ಕಡೆ, ಈಸ್ಟ್ ಇಂಡಿಯಾ ಕಂಪನಿಯ ದಾಖಲೆಗಳ ಕಡೆ ಹೋಗಬೇಕು. ಅದು ಬೇರೆ ಬಗೆಯ ಹುಡುಕಾಟ.

ಈ ಸಲದ ಪ್ರಾಜೆಕ್ಟಿಗೆ ಆ ಹುಡುಗ ಮತ್ತು ಪವರ್‌ಲೂಮ್ ಮನೆಯ ಹುಡುಗಿ ಅದನ್ನೇ ಆರಿಸಿಕೊಂಡಿದ್ದಾರೆ. ಶನಿವಾರ ಮಧ್ಯಾಹ್ನ ಲೈಬ್ರರಿಯಲ್ಲಿ ಹಳೆಯ ಗೆಜೆಟಿಯರುಗಳನ್ನು ತೆಗೆಸಿದೆವು. ಧೂಳು ಒರೆಸುವುದರಲ್ಲೇ ಅರ್ಧ ಗಂಟೆ ಹೋಯಿತು.